ಪೆಟ್ಟಿಗೆಯಲ್ಲಿ ಕೇಳಿದ ಎದೆಬಡಿತ

ಮಕ್ಕಳೇ, ಯಾರಾದರೂ ದೆವ್ವದ ಸುದ್ದಿ ಹೇಳಿದರೆ ನಾನು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದವಳು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಆ ಒಂದು ಸಂಜೆಯ ವಿಷಯವನ್ನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿಲ್ಲ. ಬಾಯಿಬಿಟ್ಟು ಹೇಳಲು ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಪರ್ಕಳದಲ್ಲಿದ್ದೆವು. ಸಕ್ಕರೆ ಕಾಯಿಲೆಯಿಂದ ನಿಮ್ಮ ಅಜ್ಜನ ಎರಡೂ ಕಣ್ಣು ಹೋಗಿತ್ತು. ಆದರೂ ಸಂಜೆಯ ಹಾಲನ್ನು ಡೈರಿಗೆ ಅವರೇ ಒಯ್ಯುತ್ತಿದ್ದರು. ದಾರಿ ತೋರಿಸುವುದು ನಮ್ಮ ಕರಿನಾಯಿ ಕಾಳು. ದಾರಿಯ ಬದಿಯಲ್ಲೇ ಕೆಂಪುಕಲ್ಲು ಕಡಿದು ಬಿಟ್ಟ, ನೀರು ತುಂಬಿದ ಆಳದ ಕೋರೆ. ನನ್ನ ಹೆದರಿಕೆ ನೋಡಿ, ನಮ್ಮ ಹೊರಕೋಣೆಯಲ್ಲಿ ಬಾಡಿಗೆಗಿದ್ದ ಲೀನಾ ಟೀಚರ್ ಕಾಳುವಿನ ಎದೆಗೆ ಒಂದು ಬೆಲ್ಟ್ ಮಾಡಿಕೊಟ್ಟರು. ಅವರು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವರು. ಅದರಿಂದ ನಾಯಿಯ ಎದೆಬಡಿತ, ನನ್ನ ಅಡುಗೆಮನೆಯಲ್ಲಿ ಅವರೇ ಇಟ್ಟ ಸಣ್ಣ ರೇಡಿಯೋ ಪೆಟ್ಟಿಗೆಯಲ್ಲಿ ಟಕ್ ಟಕ್ ಎಂದು ಕೇಳುತ್ತಿತ್ತು. ಪೆಟ್ಟಿಗೆಯ ಗುಂಡಿ ಒತ್ತಿದರೆ ಬೆಲ್ಟ್ ನಡುಗಿ, ಕಾಳು ಎಲ್ಲಿದ್ದರೂ ಮನೆಗೆ ಓಡಿ ಬರುತ್ತಿತ್ತು.

“ಅಣ್ಣ ಜೊತೆಗಿರುವಾಗ ಮಾತ್ರ ಒತ್ತಬೇಡಿ ಅಕ್ಕ, ಆಯ್ತಾ?” ಎಂದಿದ್ದರು ಟೀಚರ್, ಅಜ್ಜನ ಕಡೆ ತೋರಿಸಿ.

“ಒತ್ತಲಿ ಬಿಡಿ. ನಾಯಿಯಾದರೂ ಇವಳ ಮಾತು ಕೇಳ್ತದಲ್ವಾ!” ಎಂದು ಅಜ್ಜ ನಗಾಡಿದ್ದರು.

ಆ ದಿನ ದೀಪ ಹಚ್ಚುವ ಹೊತ್ತಾದರೂ ಅವರು ಬರಲಿಲ್ಲ. ಪೆಟ್ಟಿಗೆಯ ಬಡಿತ ಒಮ್ಮೆಲೇ ಜೋರಾಯಿತು. ಗಾಬರಿಯಲ್ಲಿ ಗುಂಡಿ ಒತ್ತಿಬಿಟ್ಟೆ. ಸ್ವಲ್ಪ ಹೊತ್ತಿಗೆ ಕಾಳು ಒಂದೇ ಓಡಿ ಬಂತು. ಕಣ್ಣಿಲ್ಲದ ಗಂಡನನ್ನು ಕೋರೆಯ ಬದಿಯಲ್ಲಿ ಒಂಟಿ ಮಾಡಿದವಳು ನಾನೇ.

ಕಾಳುವಿನ ಎದೆ ಮುಟ್ಟಿದೆ. ಡೋಲಿನಂತೆ ಹೊಡೆದುಕೊಳ್ಳುತ್ತಿತ್ತು. ಪೆಟ್ಟಿಗೆಯಲ್ಲಿ ಮಾತ್ರ ಬಡಿತ ಈಗ ನಿಧಾನ, ಬಹಳ ನಿಧಾನ. ಬೆಲ್ಟಿನ ಸ್ವಿಚ್ ಆರಿಸಿದೆ. ಬಡಿತ ನಿಲ್ಲಲಿಲ್ಲ.

ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಪೆಟ್ಟಿಗೆ ಹಿಡಿದು ಓಡಿದೆ, ಹಿಂದೆ ಕಾಳು. ಅಜ್ಜ ಕೋರೆಯ ಅಂಚಿನಲ್ಲೇ ಕೂತಿದ್ದರು. ಕಾಲು ನೀರಿನ ಮೇಲೆ ಇಳಿಬಿದ್ದಿತ್ತು.

“ಅಲುಗಬೇಡಿ!” ಎಂದು ಕಿರುಚಿದೆ.

“ಬೊಬ್ಬೆ ಎಂತಕ್ಕೆ ಮಾರಾಯ್ತಿ? ಕಾಳು ಇದ್ದಾನಲ್ಲ. ಮೈಗೆ ಒತ್ತಿ ಕೂತಿದ್ದಾನೆ, ಏಳಲಿಕ್ಕೇ ಬಿಡುವುದಿಲ್ಲ.”

ಹೇಳುತ್ತಾ ಅವರ ಎಡಗೈ ಏನನ್ನೋ ಸವರುತ್ತಿತ್ತು. ನಾಯಿಯ ಬೆನ್ನಿನಷ್ಟೇ ಎತ್ತರದಲ್ಲಿ, ತಲೆಯಿಂದ ಬಾಲದವರೆಗೆ. ಕೈಯಡಿ ಏನೂ ಇರಲಿಲ್ಲ. ಕಾಳು ನನ್ನ ಸೀರೆಯ ಹಿಂದೆ ನಿಂತು, ರೋಮ ನೆಟ್ಟಗಾಗಿ, ಸಣ್ಣಗೆ ಅಳುತ್ತಿತ್ತು.

ನಾನು ಅವರ ರಟ್ಟೆ ಹಿಡಿದು ಎಳೆದೆ. ಪೆಟ್ಟಿಗೆ ಸುಮ್ಮನಾಯಿತು. ಅವರ ಅಂಗಿಯ ಎಡಬದಿ ಮಾತ್ರ ನೀರಿನಲ್ಲಿ ತೊಯ್ದು ಹೋಗಿತ್ತು.

ಮನೆಗೆ ಬಂದ ಮೇಲೆ ಟೀಚರ್ ಪೆಟ್ಟಿಗೆ ಬಿಚ್ಚಿ ನೋಡಿದರು. “ಬೇರೆ ಯಾವುದೋ ರೇಡಿಯೋದ ಸದ್ದು ಇದಕ್ಕೆ ಸಿಕ್ಕಿರಬೇಕು ಅಕ್ಕ,” ಎಂದರು. ಅವರ ದನಿಯಲ್ಲೂ ಧೈರ್ಯವಿರಲಿಲ್ಲ. ಕಾಳು ಮತ್ತೆಂದೂ ಆ ದಾರಿಗೆ ಇಳಿಯಲಿಲ್ಲ.

ಅಜ್ಜ ಸಾಯುವವರೆಗೂ ಬಂದವರಿಗೆಲ್ಲ ಕಾಳು ತನ್ನನ್ನು ಕಾಪಾಡಿದ ಕತೆ ಹೇಳುತ್ತಿದ್ದರು. ನಾನು ತಿದ್ದಲಿಲ್ಲ. ತಿದ್ದಿದರೆ ಗುಂಡಿ ಒತ್ತಿದ್ದನ್ನೂ ಹೇಳಬೇಕಾಗುತ್ತಿತ್ತು. ಆ ಕತೆಯ ಕೊನೆಗೆ ಅವರು ಪ್ರತಿ ಸಲ ಒಂದು ಮಾತು ಸೇರಿಸುತ್ತಿದ್ದರು; ಆಗ ನಾನು ಎದ್ದು ಒಳಗೆ ಹೋಗುತ್ತಿದ್ದೆ.

“ಆದರೆ ಆವತ್ತು ಅವನ ಮೈ ಎಷ್ಟು ತಣ್ಣಗಿತ್ತು ಅಂತೀರಿ!”