ಪೌಂಡಿಗೆ ಎಷ್ಟು ರೂಪಾಯಿ?

ಸ್ನೇಹಿತರೇ, ಇವತ್ತು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ಅವರು ಹೊಸದಾಗಿ ಲಂಡನ್ನಿಗೆ ಮಾಲು ಕಳಿಸಲು ಹೊರಟಿದ್ದಾರೆ. ಬಿನ್ನಿಪೇಟೆಯ ಊದುಬತ್ತಿ ಕಂಪನಿಯಲ್ಲಿ ನನ್ನ ಟೆಂಪರರಿ ಕೆಲಸ ಈ ತಿಂಗಳಿಗೇ ಮುಗಿಯುತ್ತದೆ. ಹಾಗಾಗಿ ಇದು ಸಿಗಲೇಬೇಕಿತ್ತು.

ಟೈಪಿಂಗ್ ಪರೀಕ್ಷೆ ಆದ ಮೇಲೆ ವಯಸ್ಸಾದ ಮ್ಯಾನೇಜರು ಕೇಳಿದರು: "ಪೌಂಡಿಗೆ ಎಷ್ಟು ರೂಪಾಯಿ, ಹೇಳಮ್ಮ?"

"ಯಾವತ್ತಿನದು ಸಾರ್?" ಎಂದೆ.

ಅವರಿಗೆ ಸಿಟ್ಟು ಬಂತು. "ಯಾವತ್ತಿನದು ಅಂದ್ರೆ? ಹದಿನೆಂಟು! ಅಷ್ಟೂ ಗೊತ್ತಿಲ್ವಾ?"

ಆದರೆ ದಿನಾ ಬೆಳಿಗ್ಗೆ ಬ್ಯಾಂಕಿಗೆ ಫೋನ್ ಮಾಡಿ, ಆ ದಿನದ ದರ ಕೇಳಿ, ವಿದೇಶಕ್ಕೆ ಹೋಗುವ ಊದುಬತ್ತಿಯ ಬಿಲ್ಲಿನಲ್ಲಿ ಟೈಪ್ ಮಾಡುವವಳು ನಾನೇ ಅಲ್ಲವೇ?

"ಅದು ಎಪ್ಪತ್ತನೇ ಇಸವಿ ರೇಟು ಸಾರ್. ಆರು ವರ್ಷ ಆಯ್ತು. ಈಗ ಹದಿನೈದರ ಹತ್ತಿರಕ್ಕೆ ಇಳಿದಿದೆ."

ಅವರು ಬ್ಯಾಂಕಿಗೆ ಫೋನ್ ತಿರುಗಿಸಿದರು. ಕೇಳಿಸಿಕೊಂಡು ಮೆಲ್ಲಗೆ ಕೆಳಗಿಟ್ಟರು.

"ನಾಳೆ ಹದಿನೆಂಟರ ಲೆಕ್ಕದಲ್ಲೇ ಲಂಡನ್‌ಗೆ ಮಾಲಿನ ಬೆಲೆ ಬರೆದು ಕಳಿಸೋರಿದ್ವಿ. ಪೌಂಡಿಗೆ ಮೂರು ರೂಪಾಯಿ ನಷ್ಟ ಆಗ್ತಿತ್ತು," ಎಂದರು. "ಸೋಮವಾರದಿಂದ ಬರ್ತೀಯೇನಮ್ಮ?"

ಪೌಂಡ್ ಬಿದ್ದದ್ದಕ್ಕೆ ಇಡೀ ಬೆಂಗಳೂರಿನಲ್ಲಿ ಖುಷಿಪಟ್ಟವಳು ಬಹುಶಃ ನಾನೊಬ್ಬಳೇ. ಲಂಡನ್ನಿನವರು ಕ್ಷಮಿಸಲಿ.