ಟೋಪಿ ಅಳತೆಯ ಕಟಿಂಗ್

ಪೀಣ್ಯದ ಒಂದು ಫ್ಯಾಕ್ಟರಿ ಗೇಟಿನ ಎದುರಿಗೆ ಶೀಟ್ ಹೊದಿಸಿದ ಅಂಗಡಿ ಹಾಕಿಕೊಂಡು ಹದಿನಾಲ್ಕು ವರ್ಷ ಕತ್ತರಿ ಆಡಿಸಿದ್ದೀನಿ. ಹೇನು ತುಂಬಿದ ತಲೆ, ಗ್ರೀಸು ಮೆತ್ತಿದ ತಲೆ, ನಾಲ್ಕೇ ಕೂದಲಿಟ್ಟುಕೊಂಡು ನಲವತ್ತು ಮಾತಾಡುವ ತಲೆ, ಎಲ್ಲ ನೋಡಿದ್ದೀನಿ. ಮಾದನಾಯಕನಹಳ್ಳಿ ರಾಮಾಂಜಿನಪ್ಪನ ತಲೆಯಷ್ಟು ಕೆಲಸಕ್ಕೆ ಬಾರದ ತಲೆ ಮಾತ್ರ ಇನ್ನೊಂದು ಸಿಕ್ಕಿಲ್ಲ. ಮೇಲೆ ಸೊಂಪಾದ ಕೂದಲು. ಒಳಗೆ ಏನೂ ಇಲ್ಲ.

ಎಪ್ಪತ್ತೆಂಟನೇ ಇಸವಿ ಮಾತು. ಆಗ ಅವನು ಅದೇ ಗೇಟಿನಲ್ಲಿ ಟೆಂಪರರಿ ವಾಚ್‌ಮನ್. ಹೆಂಡತಿ ಅನುಸೂಯಮ್ಮನಿಗೆ ಏಳು ತಿಂಗಳು. ತಾಯಿ ಪಿಳ್ಳಮ್ಮ ಬೆಳಗಿನ ಬಸ್ಸಿಗೆ ಬಂದು ಗೇಟಿನ ಪಕ್ಕದಲ್ಲೇ ಸೊಪ್ಪು ಮಾರುತ್ತಿದ್ದಳು. ಮಗನ ಕೆಲಸ ಕಾಯಂ ಆದರೆ ಮನೇಲಿ ಕೂತು ಮೊಮ್ಮಗು ಆಡಿಸ್ತೀನಿ ಅಂತ ನನಗೆ ಎಷ್ಟು ಸಲ ಹೇಳಿದ್ದಳೋ.

ಕಾಯಂ ಮಾಡಬೇಕಾದವರು ಸೆಕ್ಯುರಿಟಿ ಆಫೀಸರ್ ದ್ವಾರಕಾನಾಥರು, ಮಿಲಿಟರಿಯಿಂದ ಬಂದ ಮನುಷ್ಯ. ಸೋಮವಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನೋಡ್ತೀನಿ, ಬೂಟಿಗೆ ಪಾಲಿಶ್, ತಲೆಗೆ ಮಿಲಿಟರಿ ಕಟಿಂಗ್ ಇರಬೇಕು ಅಂತ ಹೇಳಿದ್ದರು. ಇದರಲ್ಲಿ ತಲೆ ಕೆಡಿಸಿಕೊಳ್ಳೋದೇನಿದೆ? ಬಂದು ಕೂತು ಕತ್ತು ಬಗ್ಗಿಸಿದರೆ ಹತ್ತು ನಿಮಿಷದ ಕೆಲಸ.

ಭಾನುವಾರ ರಾಮಾಂಜಿನಪ್ಪ ಬಂದ. ಕೈಯಲ್ಲಿ ಡ್ಯೂಟಿ ಟೋಪಿ.

"ಅಣ್ಣ, ಟೋಪಿ ಕೆಳಗೆ ಕಾಣೋಷ್ಟಕ್ಕೆ ಮಾತ್ರ ಮಿಷಿನ್ ಹಾಕು. ಮೇಲಿಂದು ಮುಟ್ಟಬೇಡ."

"ಯಾಕಯ್ಯ, ಮೇಲಿಂದು ಪಕ್ಕದ ಮನೆಯವರದಾ?"

"ಅಂಗಲ್ಲ. ಮನೇಲಿ ಬಸುರಿ ಅವ್ಳೆ. ಕೂದಲು ತೆಗೀಬಾರದು ಅಂತ ನಮ್ಮವ್ವ ಹೇಳವ್ಳೆ."

ಹೆಂಡತಿ ಬಸುರಾದರೆ ಹೆರಿಗೆ ಆಗೋವರೆಗೆ ಗಂಡ ತಲೆಗೆ ಕತ್ತರಿ ಮುಟ್ಟಿಸಬಾರದು ಅನ್ನೋ ಪದ್ಧತಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ನಡೆಸುವವರನ್ನು ನಾನು ಆಡಿಕೊಳ್ಳಲ್ಲ. ಆದರೆ ಕಿವಿ ಪಕ್ಕದ ಕೂದಲು ಹೋದರೆ ದೋಷ ಇಲ್ಲ, ನೆತ್ತಿಯದು ಹೋದರೆ ದೋಷ ಅನ್ನೋ ಶಾಸ್ತ್ರ ಯಾವ ಊರಿಂದು?

ಕನ್ನಡಿ ಮುಂದೆ ಟೋಪಿ ಇಟ್ಟು, ತೆಗೆದು, ಮತ್ತೆ ಇಟ್ಟು, ಅರ್ಧ ಗಂಟೆ ಗೆರೆ ಹುಡುಕಿದ. ಕಿವಿ ಮೇಲೆ ಒಂದು ಬೆರಳು ಅಂದ. ಬೇಡ, ಎರಡು ಅಂದ. ಮಿಲಿಟರಿ ಕಟಿಂಗ್ ಅಂದರೆ ಕತ್ತಿನ ಹತ್ತಿರ ಚರ್ಮ ಕಾಣೋ ಹಾಗೆ ಸಣ್ಣಗೆ ಹೊಡೆದು, ಮೇಲೇರ್ತಾ ಏರ್ತಾ ದಟ್ಟ ಮಾಡಬೇಕು. ಸಣ್ಣದು ಎಲ್ಲಿ ಮುಗಿಯಿತು ಅಂತ ಕಣ್ಣಿಗೆ ಗೊತ್ತಾಗಬಾರದು. ಅದು ಕೆಲಸ. ಇವನು ಟೋಪಿ ಅಂಚಿಗೆ ನಿಲ್ಲಿಸು ಅಂದ, ಅಲ್ಲಿಂದ ಮೇಲಕ್ಕೆ ಕೂದಲು ಗೋಡೆ ಎದ್ದ ಹಾಗೆ ಎದ್ದಿತು. ಟೋಪಿ ಇಟ್ಟರೆ ಸಿಪಾಯಿ. ತೆಗೆದರೆ ಮಡಕೆ ಮೇಲೆ ಹುಲ್ಲಿನ ಹೊರೆ.

"ನಾಳೆ ಟೋಪಿ ತೆಗಿ ಅಂದ್ರೆ ಏನ್ಮಾಡ್ತೀಯ?" ಅಂದೆ.

"ಡ್ಯೂಟೀಲಿ ಯಾಕಣ್ಣ ತೆಗೆಸ್ತಾರೆ?" ಅಂತ ನನಗೇ ಬುದ್ಧಿ ಹೇಳಿದ.

ಸೋಮವಾರ ಹನ್ನೊಂದು ಗಂಟೆಗೆ ಗೇಟಿನ ಒಳಗೆ ಸಾಲು ನಿಂತಿತು. ಅಂಗಡಿಯಿಂದ ಎಲ್ಲಾ ಕಾಣ್ತದೆ. ದ್ವಾರಕಾನಾಥರು ಹಿಂದಿನಿಂದ ಒಂದೊಂದೇ ಕತ್ತು ನೋಡಿಕೊಂಡು ಬಂದರು. ಇವನ ಹಿಂದೆ ನಿಂತು ಸರಿ ಅಂತ ತಲೆ ಆಡಿಸಿದರು. ನಂಗೇ ಆಶ್ಚರ್ಯ. ಆಮೇಲೆ ಮುಂದಕ್ಕೆ ಬಂದು, "ಎಲ್ಲಾ ಟೋಪಿ ತೆಗೀರಿ" ಅಂದರು.

ಸಾಲಿಗೆ ಸಾಲೇ ನಕ್ಕಿತು. ಅವರು ನಗಲಿಲ್ಲ. "ಹನ್ನೆರಡರ ಸೈರನ್ ಒಳಗೆ ಪೂರಾ ತೆಗೆಸಿಕೊಂಡು ಬಾ. ಬರಲಿಲ್ಲ ಅಂದ್ರೆ ಬರಲೇಬೇಡ."

ಪುಣ್ಯಾತ್ಮರು ಒಂದು ಗಂಟೆ ಕೊಟ್ಟಿದ್ದರು. ಓಡಿ ಬಂದ. ಕತ್ತಿಗೆ ಬಟ್ಟೆ ಕಟ್ಟಿದೆ.

"ತಾಳಣ್ಣ. ನಮ್ಮವ್ವನ್ನ ಒಂದು ಮಾತು ಕೇಳಬೇಕು."

ಪಿಳ್ಳಮ್ಮನನ್ನು ನಾನೇ ಕೂಗಿದೆ. ಸೊಪ್ಪು ಅಲ್ಲೇ ಬಿಟ್ಟು ಬಂದಳು. ವಿಷಯ ಹೇಳಿದರೆ ಮಗನ ಮುಖವನ್ನೇ ನೋಡಿದಳು.

"ನಾನ್ಯಾವಾಗ ಏಳ್ದೆ? ನಮ್ಮನೇಲಿ ಆ ಪದ್ಧತಿನೇ ಇಲ್ವಲ್ಲೋ. ನೀನು ಒಟ್ಟೇಲಿದ್ದಾಗ ನಿಮ್ಮಪ್ಪ ಎಲ್ಡು ಸಲ ತಲೆ ಬೋಳಿಸ್ಕೊಂಡಿದ್ದ."

ಇವನು ಕನ್ನಡಿ ಕಡೆ ತಿರುಗಿದ. ಕೂದಲು ಉಳಿಸಿಕೊಳ್ಳೋಕೆ ಹುಟ್ಟದೇ ಇರೋ ಮಗುವನ್ನು ಅಡ್ಡ ಇಟ್ಟ ಗಂಡಸು. ಥೂ.

ಅಲ್ಲಾದರೂ ಸುಮ್ಮನಾದನಾ? "ಮುಂದ್ಗಡೆ ನಾಲ್ಕು ಬೆರಳು ಬಿಡಣ್ಣ, ಸುರುಳಿ ಬರ್ತದೆ." ಆಗಲ್ಲ ಅಂದೆ. "ಮೂರು." ಮಿಷಿನ್ ನೆತ್ತಿಗೆ ತಂದರೆ ಮಣಿಕಟ್ಟು ಹಿಡಿದುಕೊಂಡ. ಸುತ್ತ ಸಣ್ಣಗೆ ಇಳಿಸಿ ನಡುವೆ ಬಿಟ್ಟರೆ ಹೆಂಗೆ, ಎಡಕ್ಕೆ ಬೈತಲೆ ತೆಗೆದರೆ ಕಮ್ಮಿ ಕಾಣಲ್ವಾ, ಒಂದೊಂದಕ್ಕೂ ಎದ್ದು ಕನ್ನಡಿ.

"ಅನುಸೂಯ ಈ ಕೂದಲು ನೋಡೇ ನನ್ನ ಒಪ್ಪಿದ್ದು ಕಣವ್ವ."

"ಈಗ ಅನ್ನ ನೋಡಿ ಒಪ್ಲಿ ಬಿಡೋ," ಅಂದಳು ಪಿಳ್ಳಮ್ಮ. "ನೀನು ಕತ್ತರಿಸಪ್ಪ, ಅವನ್ನ ಕೇಳಬೇಡ."

ಹಿಡಿದ ಕೈ ಅವನು ಬಿಡಲಿಲ್ಲ. ನಾನೂ ಮನುಷ್ಯನೇ, ಬೈದೆ, ಬಾಯಿಗೆ ಬಂದಿದ್ದೆಲ್ಲಾ ಬೈದೆ. "ಎರಡೂವರೆ ಬೆರಳಾದ್ರೂ..." ಅನ್ನುವಾಗ ಸೈರನ್ ಆಯಿತು.

ಬಟ್ಟೆ ಬಿಚ್ಚಿ ಒದರಿದೆ. ಟೋಪಿ ಇಟ್ಟುಕೊಂಡು ಓಡಿದ. ಅವನು ನಿಲ್ಲುವ ಜಾಗದಲ್ಲಿ ನಾಗಸಂದ್ರದ ಸೊಣ್ಣಪ್ಪ ಅನ್ನೋ ಇನ್ನೊಬ್ಬ ವಾಚ್‌ಮನ್ ಆಗಲೇ ನಿಂತಿದ್ದ. ಒಳಗೆ ಬಿಡಲಿಲ್ಲ.

ಮಾರನೇ ದಿನ ಪಿಳ್ಳಮ್ಮ ದ್ವಾರಕಾನಾಥರ ಹತ್ತಿರ ಹೋದಳು, ಮಗನ ಪರವಾಗಿ ಅಲ್ಲ, ತನಗೇ ಕೆಲಸ ಕೇಳೋಕೆ. ಕ್ಯಾಂಟೀನಿನಲ್ಲಿ ಅಕ್ಕಿ ಆರಿಸೋಕೆ ಹಾಕಿಸಿದರು. ಅರವತ್ತು ದಾಟಿದ ಹೆಂಗಸು ಆ ಗೇಟಿನೊಳಗೆ ಹೋಗ್ತಾಳೆ, ಮಗ ಊರಲ್ಲಿ ಜಗಲಿ ಮೇಲೆ ಕೂತು, ಆಫೀಸರ್‌ಗೆ ನನ್ನ ಕೂದಲು ಕಂಡರೆ ಹೊಟ್ಟೆಕಿಚ್ಚು ಅಂತ ಹೇಳ್ತಾನೆ. ಗಂಡು ಮಗು ಆಯಿತು. ಅದನ್ನು ಆಡಿಸೋದು ಅವನೇ, ಅದಾದರೂ ಬರ್ತದಂತೆ.

ಈಗಲೂ ತಿಂಗಳಿಗೊಂದು ಸಲ ಬರ್ತಾನೆ. ಎಲ್ಲಾ ಗಿರಾಕಿ ಮುಗಿದ ಮೇಲೆ ಕೂರಿಸ್ತೀನಿ. ಯಾವ ತರ ಕಟಿಂಗ್ ಅಂತ ಅವನನ್ನು ಮಾತ್ರ ಕೇಳಲ್ಲ.