ಪುಷ್ಪಾವತಿ ಕಿವಿಗೊಟ್ಟ ಕೆಂಪು ಎಂ.ಜಿ.

ಠಾಣೆ ಪೂರ್ವದ ಕೋಪರಿಯಲ್ಲಿ, ಸ್ಟೇಷನ್ನಿನಿಂದ ಐದು ನಿಮಿಷದ ದಾರಿಯಲ್ಲಿ, ಜಯಶೀಲ ಪೂಜಾರಿಯವರ ಗ್ಯಾರೇಜಿತ್ತು. ಬೋರ್ಡಿನ ಮೇಲೆ ಅವರ ಹೆಸರಿದ್ದರೂ ಗಿರಾಕಿಗಳು ಮೊದಲು ಕೇಳುತ್ತಿದ್ದದ್ದು, “ಭಾಭಿ ಇದ್ದಾರಾ?” ಎಂದು. ಭಾಭಿ ಎಂದರೆ ಅವರ ಹೆಂಡತಿ ಪುಷ್ಪಾವತಿ.

ಕಾರ್ಕಳದ ಕಡೆಯ ಈ ಹೆಂಗಸು ಎಂಜಿನ್ ಕೆಲಸ ಕಲಿಯಬೇಕೆಂದು ಕಲಿತವರಲ್ಲ. ಜಯಶೀಲರು ಮೊದಲು ಹದಿನಾರು ವರ್ಷ ಕಬ್ಬಿಣ ಬಡಿಯುವ ಫೋರ್ಜಿಂಗ್ ಕಾರ್ಖಾನೆಯ ಸದ್ದಿನಲ್ಲಿ ದುಡಿದಿದ್ದರು. ಗ್ಯಾರೇಜು ತೆರೆಯುವ ಹೊತ್ತಿಗೆ ಅವರ ಕಿವಿ ಮುಕ್ಕಾಲು ಹೋಗಿತ್ತು. ಕೈ ಮಾತ್ರ ಬಹಳ ಚುರುಕು. ಒಂದು ಮಧ್ಯಾಹ್ನ ಬುತ್ತಿ ತಂದ ಪುಷ್ಪಾವತಿ, “ಇದರ ಒಳಗೆ ಎಂತದೋ ಟಿಕ್ ಟಿಕ್ ಅಂತದೆ” ಎಂದು ಬೆರಳಿಟ್ಟು ತೋರಿಸಿದರು. ಅದೇ ಜಾಗದಲ್ಲಿ ವಾಲ್ವು ಸಡಿಲವಾಗಿತ್ತು. ಅಂದಿನಿಂದ ಅವರು ಬುತ್ತಿ ಇಟ್ಟು ಮನೆಗೆ ಮರಳುವುದು ನಿಂತುಹೋಯಿತು. ರಬ್ಬರ್ ಕೊಳವೆಯ ಒಂದು ತುದಿಯನ್ನು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಬಾಯಿಗೆ ಹಿಡಿದು ಇನ್ನೊಂದನ್ನು ಕಿವಿಗಿಟ್ಟು, ಒಳಗೆ ಗಾಳಿ ಎಷ್ಟು ಹೋಗುತ್ತಿದೆಯೆಂದು ಹೇಳುವಷ್ಟು ಪಳಗಿದರು. ಅವರು ಬೆರಳೆತ್ತಿದರೆ ಗಂಡ ಸ್ಕ್ರೂ ಬಿಗಿಸುವರು, ಇಳಿಸಿದರೆ ಸಡಿಲಿಸುವರು.

೨೦೦೭ರ ಡಿಸೆಂಬರಿನ ಒಂದು ಬೆಳಿಗ್ಗೆ ಸಾನಪಾಡಾದಿಂದ ಹಯಗ್ರೀವ ರಾವ್ ಎಂಬವರು ಕೆಮ್ಮುತ್ತಿದ್ದ ಕೆಂಪು ಕಾರೊಂದನ್ನು ತಂದು ನಿಲ್ಲಿಸಿದರು. ೧೯೫೩ರ ಎಂ.ಜಿ. ಎರಡೇ ಸೀಟಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಎಂಜಿನ್ನಿನ ಪಕ್ಕದಲ್ಲಿ ಒಂದೇ ರೀತಿಯ ಎರಡು ಕಾರ್ಬುರೇಟರು. ರಾಯರು ಮೈಸೂರಿನವರು, ಬ್ಯಾಂಕಿನ ಆಡಿಟ್ ವಿಭಾಗದಿಂದ ನಿವೃತ್ತರಾದವರು.

“ನೋಡೀಮ್ಮ, ಇದರಲ್ಲಿರೋದೆಲ್ಲ ಒರಿಜಿನಲ್ಲು. ಉಲ್ಹಾಸನಗರದಲ್ಲಿ ಚೆನ್ನಯ ಅಂತ ಒಬ್ಬನ ಹತ್ರ ಸರ್ವಿಸ್ ಮಾಡಿಸ್ದೆ. ಆಮೇಲಿಂದ ಗಾಡಿ ಎಳೀತಾನೇ ಇಲ್ಲ. ಏನೋ ಎಗರಿಸಿದಾನೆ ಕಣ್ರೀ. ನಾನು ಎದುರಿಗಿಲ್ದೆ ಇಲ್ಲಿ ಒಂದು ನಟ್ಟನ್ನೂ ಮುಟ್ಟಕೂಡದು” ಎಂದರು.

ಬಾನೆಟ್ಟು ಎತ್ತಿದಾಗ ಪುಷ್ಪಾವತಿಗೆ ವಿಚಿತ್ರವೆನಿಸಿತು. ಎಂಜಿನ್ನಿನ ಬಿಡಿಭಾಗಗಳ ಮೇಲೆಲ್ಲ ಕೆಂಪು ಉಗುರುಬಣ್ಣದ ಚುಕ್ಕೆಗಳು. ಮುಂದಿನ ಕಾರ್ಬುರೇಟರಿನ ಮುಚ್ಚಳಕ್ಕೆ ಒಂದು ಚುಕ್ಕೆ, ಹಿಂದಿನದಕ್ಕೆ ಎರಡು. ಸ್ಕ್ರೂಗಳ ತಲೆಯ ಮೇಲೂ ಅದೇ ಬಣ್ಣದ ಮೊಹರು. ಇಷ್ಟು ಗುರುತು ಯಾರು ಹಾಕುತ್ತಾರೆ? ಕಳವಿನ ಗಾಡಿಯೋ ಏನೋ! ಎರಡು ವರ್ಷದ ಹಿಂದೆ ಯಾರದೋ ಕದ್ದ ಸ್ಕೂಟರಿನ ಎಂಜಿನ್ನಿನಿಂದಾಗಿ ಗಂಡಹೆಂಡತಿ ಒಂದಿಡೀ ದಿನ ಪೊಲೀಸ್ ಚೌಕಿಯಲ್ಲಿ ಕೂತಿದ್ದರು. ಗಂಡನಿಗೆ ಪಿಸುಮಾತಿನಲ್ಲಿ ಹೇಳಿದರೆ ಕೇಳದು. ಪುಷ್ಪಾವತಿ ಸೀಮೆಸುಣ್ಣದಲ್ಲಿ ಸಾಮಾನಿನ ಪೆಟ್ಟಿಗೆಯ ಮೇಲೆ ಬರೆದರು: ‘ಆರ್.ಸಿ. ಕೇಳಿ.’

ಜಯಶೀಲರು ಕೇಳಿದರು. ರಾಯರ ಮುಖ ಕೆಂಪಾಯಿತು. ಗಾಡಿಯ ನೋಂದಣಿ ಪುಸ್ತಕ ತೆಗೆದುಕೊಟ್ಟರು, ಎಂಜಿನ್ ನಂಬರು ಸರಿಯಾಗಿತ್ತು. ಆಮೇಲೆ ರಾಯರು ಕುರ್ಚಿಯನ್ನು ಬಾನೆಟ್ಟಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ಡಿಜಿಟಲ್ ಕ್ಯಾಮರಾದಲ್ಲಿ ಒಂದೊಂದು ಸ್ಕ್ರೂವಿನ ಫೋಟೋ ತೆಗೆಯುತ್ತಾ ಕೂತರು.

ಜಯಶೀಲರು ಪ್ಲಗ್ಗು, ಪಾಯಿಂಟು, ವಾಲ್ವುಗಳ ಸಂದು ಎಲ್ಲವನ್ನೂ ಸರಿಮಾಡಿದರು. ಪುಷ್ಪಾವತಿ ಕೊಳವೆ ಹಿಡಿದು ಎರಡು ಕಾರ್ಬುರೇಟರಿನ ಉಸಿರನ್ನೂ ಸಮಕ್ಕೆ ತಂದರು. ನಿಂತಲ್ಲಿ ಎಂಜಿನ್ ಚೆನ್ನಾಗಿಯೇ ಓಡಿತು. ಆಕ್ಸಿಲರೇಟರ್ ಒತ್ತಿದರೆ ಮತ್ತೆ ಅದೇ ಕೆಮ್ಮು.

“ನಂಗೊತ್ತಿತ್ತು” ಎಂದು ರಾಯರು ಹತ್ತು ನಿಮಿಷ ಇಡ್ಲಿ ತಿನ್ನಲು ಹೋದರು. ಹಿಂದಿರುಗಿ ಬಂದವರೇ ಎಲ್ಲ ಮೊಹರುಗಳ ಫೋಟೋವನ್ನು ಇನ್ನೊಮ್ಮೆ ತೆಗೆದರು.

ಪುಷ್ಪಾವತಿ ಎಂಜಿನ್ ನಿಲ್ಲಿಸಿ, ಕಾರ್ಬುರೇಟರಿನ ಬಾಯೊಳಗೆ ಬೆರಳು ಹಾಕಿ ಒಳಗಿನ ಪಿಸ್ಟನ್ನನ್ನು ಎತ್ತಿ ಬಿಟ್ಟರು. ಮುಂದಿನದು ‘ಟಕ್’ ಎಂದು ಬಿತ್ತು. ಹಿಂದಿನದು ಸದ್ದಿಲ್ಲದೆ, ಉಜ್ಜಿಕೊಂಡು ನಿಧಾನ ಇಳಿಯಿತು.

“ಇದು ಹಿಡೀತಾ ಉಂಟು. ಎರಡನ್ನೂ ಬಿಚ್ಚಿ ನೋಡ್ಬೇಕು” ಎಂದರು.

ರಾಯರ ಕಣ್ಣೆದುರೇ ಮೊಹರು ಒಡೆದು ಬಿಚ್ಚಿದರು. ಒಂದು ಚುಕ್ಕೆಯ ಮುಚ್ಚಳದ ಕೆಳಗಿಂದ ಎರಡು ಚುಕ್ಕೆಯ ಪಿಸ್ಟನ್ ಹೊರಬಂತು. ಹಿಂದಿನದರಲ್ಲಿ ಒಂದು ಚುಕ್ಕೆಯದು. ಈ ಪಿಸ್ಟನ್ನೂ ಮುಚ್ಚಳವೂ ಜೋಡಿಯಾಗಿಯೇ ತಯಾರಾಗುತ್ತವೆ. ನೋಡಲು ಒಂದೇ ತರಹ ಕಂಡರೂ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ರಾಯರು ಎದ್ದು ನಿಂತರು. “ನಾನು ತಿಂಡಿಗೆ ಹೋದಾಗ ಬಿಚ್ಚಿದೀರಿ! ಈ ಗುರುತು ಹಾಕಿದ್ದು ನಾನೇ, ನಮ್ಮನೇಲಿ! ಒಂದಕ್ಕೊಂದು, ಎರಡಕ್ಕೆರಡು!”

ಜಯಶೀಲರಿಗೆ ಮಾತು ಕೇಳಿಸದಿದ್ದರೂ ಮುಖ ನೋಡಿಯೇ ಅರ್ಥವಾಯಿತು. ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟರು.

ಪುಷ್ಪಾವತಿ ದನಿ ಏರಿಸಲಿಲ್ಲ. “ಗುರುತು ಹಾಕಿದ ದಿವಸದ ಫೋಟೋ ಉಂಟಲ್ಲ ಮಾರಾಯ್ರೆ? ತೋರಿಸಿ. ಈಗ ತಿಂಡಿ ತಿಂದು ಬಂದು ತೆಗ್ದದ್ದನ್ನೂ ತೋರಿಸಿ. ದೊಡ್ಡದು ಮಾಡಿ.”

ರಾಯರು ಗುಂಡಿ ಒತ್ತಿದರು. ತಿಂಗಳ ಹಿಂದಿನ ಚಿತ್ರದಲ್ಲಿ ಸ್ಕ್ರೂವಿನಿಂದ ಬಣ್ಣದ ಒಂದು ಹನಿ ಓರೆಯಾಗಿ ಇಳಿದು, ಮುಚ್ಚಳದ ಅಂಚಿನಲ್ಲಿ ಕೊಕ್ಕೆಯಂತೆ ಬಾಗಿ ಒಣಗಿತ್ತು. ಇವತ್ತಿನದರಲ್ಲೂ ಅದೇ ಹನಿ, ಅದೇ ಕೊಕ್ಕೆ. ಎಲ್ಲೂ ಬಿರುಕಿಲ್ಲ. ಅಂದರೆ ಮೊಹರು ಹಾಕಿದ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. ಅದಲುಬದಲಾದದ್ದು ಅದಕ್ಕೂ ಮೊದಲು.

ರಾಯರು ಎರಡು ಚಿತ್ರಗಳ ನಡುವೆ ಎಷ್ಟೋ ಸಲ ಹಿಂದೆಮುಂದೆ ಹೋದರು. ಕೊನೆಗೆ, “ಚೆನ್ನಯನ ಹತ್ರ ಸರ್ವಿಸ್ ಆದ್ಮೇಲೆ, ಒರಿಜಿನಲ್ ಇದೆಯೋ ಇಲ್ವೋ ನೋಡೋಣಾಂತ ಬಿಚ್ಚಿ, ಪೇಪರ್ ಮೇಲೆ ಇಟ್ಟು ಗುರುತು ಹಾಕಿದ್ದೆ” ಎಂದರು. “ವಾಪಸ್ ಹಾಕೋವಾಗ ಫೋನ್ ಬಂತು.”

“ಕೆಮ್ಮು ಶುರುವಾದದ್ದು ಯಾವಾಗ?”

ರಾಯರು ಕ್ಯಾಮರಾ ಆರಿಸಿದರು. “ಅದರ ಮಾರನೇ ದಿನ.”

ಜಯಶೀಲರು ಪಿಸ್ಟನ್ನುಗಳನ್ನು ಅದರದರ ಮನೆಗೆ ಸೇರಿಸಿದರು. ಈ ಸಲ ಎರಡೂ ‘ಟಕ್’ ಎಂದವು. ಎಂಜಿನ್ ಒಂದೇ ಒತ್ತಿಗೆ ಏರಿತು.

ರಾಯರು ಹೊರಡುವಾಗ ಪುಷ್ಪಾವತಿ ಗಾಡಿಗೆ ಅಡ್ಡ ನಿಂತರು. “ಆ ಚೆನ್ನಯಣ್ಣನಿಗೆ ಎಂತ ಹೇಳಿದ್ರಿ ನೀವು?”

“ಕಳ್ಳ ಅಂದಿದ್ದೆ. ಹಳೇ ಕಾರಿನ ಕ್ಲಬ್ಬಿಗೂ ಬರೆದಿದ್ದೆ, ಯಾರೂ ಅವನ ಹತ್ರ ಹೋಗ್ಬೇಡಿ ಅಂತ. ಫೋನ್ ಮಾಡ್ತೀನಿ.”

“ಫೋನ್ ಸಾಲ್ದು. ಹೋಗಿ ಹೇಳಿ.”

ರಾಯರು ಹೂಂ ಎಂದರು. ಆ ಹೂಂ ಮೇಲೆ ಪುಷ್ಪಾವತಿಗೆ ನಂಬಿಕೆ ಬರಲಿಲ್ಲ. ಎಂಟು ದಿನ ಬಿಟ್ಟು ತಾವೇ ಮಧ್ಯಾಹ್ನದ ಲೋಕಲ್ ರೈಲು ಹತ್ತಿ ಉಲ್ಹಾಸನಗರದಲ್ಲಿ ಇಳಿದು, ಕೇಳುತ್ತಾ ಕೇಳುತ್ತಾ ಚೆನ್ನಯನ ವರ್ಕ್‌ಶಾಪನ್ನು ಹುಡುಕಿದರು. ಅರವತ್ತರ ಆಸುಪಾಸಿನ ಮನುಷ್ಯ. ಹಯಗ್ರೀವ ರಾಯರ ಹೆಸರೆತ್ತಿದ ಕೂಡಲೇ ಬಾಗಿಲಿಗೆ ಅಡ್ಡ ಬಂದು, “ನಿಮ್ಮನ್ನು ಅವರೇ ಕಳಿಸಿದ್ದಾ? ಇನ್ನು ಎಂತ ಹುಡುಕ್ಲಿಕ್ಕೆ ಉಂಟು ಇಲ್ಲಿ?” ಎಂದ.

ಪುಷ್ಪಾವತಿ ನಡೆದದ್ದನ್ನೆಲ್ಲ ಹೇಳಿದರು. ಚೆನ್ನಯ ಒಳಗಿಂದ ಒಂದು ಕಾಗದ ತಂದ. ಮೊನ್ನೆ ರಾಯರು ಬಂದು, ಕೂರೆಂದರೂ ಕೂರದೆ ಕೊಟ್ಟುಹೋಗಿದ್ದರು. ಕ್ಲಬ್ಬಿಗೆ ಹೊಸದಾಗಿ ಬರೆದ ಪತ್ರದ ನಕಲು, ಇಂಗ್ಲಿಷಿನಲ್ಲಿ.

“ತಪ್ಪಾಯ್ತು ಅಂತ ಅವರು ಬಾಯಲ್ಲೂ ಹೇಳಿದ್ರು. ಆದ್ರೆ ನನಗೆ ಓದ್ಲಿಕ್ಕೆ ಬರುದಿಲ್ಲ. ಯಾರಿಗಾದ್ರೂ ಕೊಡುವ ಅಂದ್ರೆ ಹೆದರಿಕೆ. ಇದ್ರಲ್ಲಿ ಬೇರೆ ಎಂತಾದ್ರೂ ಬರ್ದಿದ್ರೆ?”

ಪುಷ್ಪಾವತಿಯ ಇಂಗ್ಲಿಷೂ ಅಷ್ಟಕ್ಕಷ್ಟೇ. ಅಕ್ಷರ ಕೂಡಿಸಿ ಓದಿದರು. ತಪ್ಪು ನನ್ನದು, ಈ ಮೆಕ್ಯಾನಿಕ್ ಪ್ರಾಮಾಣಿಕ ಎಂದಷ್ಟೇ ಇತ್ತು.

“ಮತ್ತೊಂದು ಸಲ ಓದಿ” ಎಂದ ಚೆನ್ನಯ. ಓದಿದರು. ಅವನು ಕಾಗದವನ್ನು ಮಡಿಸಿ ಜೇಬಿಗಿಟ್ಟು, ಎದುರಿನ ಅಂಗಡಿಯತ್ತ ಎರಡು ಚಹಾ ಎಂದು ಕೂಗಿದ.